ಹಳೇ ಪಿಕಪ್‌ಗೆ ಹೊಸ ಇಂಜೆಕ್ಷನ್: ಕೆಲಸವೆಲ್ಲ ವೈರಿನದ್ದೇ

ನಮ್ಮ ಶಾಗ್ಯದ ಸುತ್ತಮುತ್ತ ಓಡಾಡುವ ಪಿಕಪ್ ಗಾಡಿಗಳ ಬಾನೆಟ್ ಎತ್ತಿ ನೋಡಿದರೆ ಇರುವುದು ಎರಡೇ ಜಾತಿ. ಒಂದರಲ್ಲಿ ಕಬ್ಬಿಣದ ಪಂಪು, ಪೈಪು, ನಾಜಲ್, ಬ್ಯಾಟರಿಗೆ ಹೋಗುವ ನಾಲ್ಕಾರು ವೈರು, ಅಷ್ಟೇ. ಇನ್ನೊಂದರಲ್ಲಿ ಎಲ್ಲಿ ನೋಡಿದರೂ ಕಪ್ಪು ಟೇಪು ಸುತ್ತಿದ ವೈರಿನ ಕಟ್ಟು, ಪ್ಲಾಸ್ಟಿಕ್ ಕಪ್ಲರ್‌ಗಳು, ಮೂಲೆಯಲ್ಲಿ ಒಂದು ಅಲ್ಯೂಮಿನಿಯಂ ಡಬ್ಬಿ. ಮೊದಲನೆಯದು ಹೊಗೆ ಬಿಡುತ್ತದೆ, ಎಣ್ಣೆ ಜಾಸ್ತಿ ಕುಡಿಯುತ್ತದೆ. ಆದರೆ ಯಾವ ಊರಿನ ಮೆಕ್ಯಾನಿಕ್ಕಾದರೂ ರಿಪೇರಿ ಮಾಡುತ್ತಾನೆ. ಎರಡನೆಯದು ಸಲೀಸಾಗಿ ಓಡುತ್ತದೆ, ನಿಂತರೆ ಮಾತ್ರ ಮಾಲೀಕನ ಎದೆ ಒಡೆಯುತ್ತದೆ.

ಹೀಗಾಗಿ ಹಳೇ ಗಾಡಿ ಇಟ್ಟವರ ಮನೆಯ ಹುಡುಗರು ಕೇಳುವ ಪ್ರಶ್ನೆ ಒಂದಿದೆ. ಬಾಡಿ ಗಟ್ಟಿ ಇದೆ, ಇಂಜಿನ್ನೂ ಗಟ್ಟಿ ಇದೆ. ಹೊಸ ಗಾಡಿಯ ಇಂಜೆಕ್ಷನ್ ತಂದು ಇದಕ್ಕೇ ಕೂರಿಸಿಬಿಟ್ಟರೆ ಆಗುವುದಿಲ್ಲವೇ? ನನ್ನ ಚಾಚಾ ಹನೂರಿನಲ್ಲಿ ಗ್ಯಾರೇಜ್ ಇಟ್ಟಿದ್ದಾರೆ. ರಜೆಯಲ್ಲಿ ಅಲ್ಲಿ ಸ್ಪ್ಯಾನರ್ ಎತ್ತಿಕೊಡುವ ಕೆಲಸ ನನ್ನದು. ಅಲ್ಲಿ ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿದ್ದೇನೆ. ಕೇಳುವವರ ಮನಸ್ಸಿನಲ್ಲಿ ಇರುವುದು ಲೋಹದ ಭಾಗಗಳು: ಪಂಪು, ಇಂಜೆಕ್ಟರ್, ಪೈಪು. ನಿಜವಾದ ಕೆಲಸ ಇರುವುದು ವೈರಿನಲ್ಲಿ. ಅದು ಹೇಗೆ ಎಂದು ಹೇಳುವುದಕ್ಕೇ ಈ ಲೇಖನ. ವಿಜ್ಞಾನ ವಿಭಾಗದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಪ್ರಥಮ ಮತ್ತು ದ್ವಿತೀಯ ಪಿಯುಸಿ ಭೌತಶಾಸ್ತ್ರವೇ ಬಾನೆಟ್ ಕೆಳಗೆ ಮಲಗಿದೆ.

ಮೊದಲು ಪೆಟ್ರೋಲ್ ಗಾಡಿ ನೋಡೋಣ, ಯಾಕೆಂದರೆ ಅಲ್ಲಿ ಈ ಬದಲಾವಣೆ ಸಾಧ್ಯ. ಹಳೇ ಪೆಟ್ರೋಲ್ ಇಂಜಿನ್ನಿಗೆ ಇದ್ದದ್ದು ಕಾರ್ಬ್ಯುರೇಟರ್. ಗಾಳಿ ಹೋಗುವ ದಾರಿಯನ್ನು ಒಂದು ಕಡೆ ಕಿರಿದು ಮಾಡಿದರೆ ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಪ್ರಥಮ ಪಿಯುಸಿಯಲ್ಲಿ ಓದಿದ ಬರ್ನೌಲಿ ತತ್ವ ಇದೇ. ಆ ಇಳಿದ ಒತ್ತಡ ಪೆಟ್ರೋಲನ್ನು ಸಣ್ಣ ರಂಧ್ರದಿಂದ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಕಾರ್ಬ್ಯುರೇಟರ್ ಈ ಲೆಕ್ಕವನ್ನು ಅಂದಾಜಿನಲ್ಲಿ ಮಾಡುತ್ತದೆ. ಬೆಳಗ್ಗೆ ಚಳಿ ಇದ್ದರೆ ನಾವು ಚೋಕ್ ಎಳೆದು ಸಹಾಯ ಮಾಡಬೇಕು. ಘಟ್ಟ ಹತ್ತಿದರೆ ಗಾಳಿ ತೆಳುವಾಗುತ್ತದೆ. ಸುಮಾರು 2240 ಮೀಟರ್ ಎತ್ತರದ ಊಟಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಹೆಚ್ಚುಕಡಿಮೆ ಐದನೇ ಒಂದು ಪಾಲು ಕಡಿಮೆ. ಆದರೆ ಕಾರ್ಬ್ಯುರೇಟರಿಗೆ ಅದು ಗೊತ್ತಿಲ್ಲ. ಪೆಟ್ರೋಲನ್ನು ಆ ಪ್ರಮಾಣಕ್ಕೆ ಇಳಿಸುವುದಿಲ್ಲ. ಗಾಡಿ ಕರಿ ಹೊಗೆ ಬಿಟ್ಟುಕೊಂಡು ಏದುಸಿರು ಬಿಡುತ್ತದೆ.

ಇಂಜೆಕ್ಷನ್ನಿನಲ್ಲಿ ಈ ಅಂದಾಜು ಇಲ್ಲ. ಟ್ಯಾಂಕಿನಲ್ಲಿರುವ ಕರೆಂಟ್ ಪಂಪು ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ಕಳಿಸುತ್ತದೆ. ಪ್ರತಿ ಸಿಲಿಂಡರಿನ ಬಾಯಲ್ಲಿ ಒಂದು ಇಂಜೆಕ್ಟರ್. ಅದು ಸಣ್ಣ ವಿದ್ಯುತ್ಕಾಂತದ ನಲ್ಲಿ ಎಂದುಕೊಳ್ಳಿ. ಎಷ್ಟು ಹೊತ್ತು ತೆರೆದಿರಬೇಕು ಎಂದು ಹೇಳುವುದು ಆ ಅಲ್ಯೂಮಿನಿಯಂ ಡಬ್ಬಿ, ಅಂದರೆ ಇಸಿಯು. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಾಲ್ಕು ಸ್ಟ್ರೋಕಿನ ಒಂದು ಆವರ್ತಕ್ಕೆ ಸಿಗುವ ಕಾಲ 40 ಮಿಲಿಸೆಕೆಂಡು. ಆ 40ರಲ್ಲಿ 3 ಮಿಲಿಸೆಕೆಂಡು ತೆರೆಯಬೇಕೋ 9 ಮಿಲಿಸೆಕೆಂಡು ತೆರೆಯಬೇಕೋ ಎಂಬುದೇ ಇಡೀ ವಿದ್ಯೆ. ಬಾಷ್ ಕಂಪನಿ 1967ರಲ್ಲಿ ಫೋಕ್ಸ್‌ವ್ಯಾಗನ್ ಕಾರಿಗೆ ಇಂಥ ಎಲೆಕ್ಟ್ರಾನಿಕ್ ವ್ಯವಸ್ಥೆ ಕೊಟ್ಟಿತು. ನಮ್ಮಲ್ಲಿ 2000ದ ಆಸುಪಾಸಿನಲ್ಲಿ ಕಾರುಗಳ ಹಿಂಬದಿ 'ಎಂಪಿಎಫ್‌ಐ' ಎಂಬ ಅಕ್ಷರ ಕಾಣತೊಡಗಿತು. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಮೇಲೆ ನಮ್ಮ ಮನೆ ಮುಂದಿನ ಬೈಕಿಗೂ ಅದೇ ಬಂತು.

ಬದಲಾವಣೆಗೆ ಒಳ್ಳೆಯ ಉದಾಹರಣೆ ಮಾರುತಿ ಜಿಪ್ಸಿ. 1985ರಲ್ಲಿ ಬಂದದ್ದು ಒಂದು ಲೀಟರಿನ ಇಂಜಿನ್ನಿನ ಜಿಪ್ಸಿ, 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್, ಅದೂ ಕಾರ್ಬ್ಯುರೇಟರಿನದೇ. 2000ದಲ್ಲಿ ಅದೇ ಗಾಡಿಗೆ ಎಂಪಿಎಫ್‌ಐ. ಚಾಸಿ ಒಂದೇ, ಆಕಾರ ಒಂದೇ, ಇಂಧನ ಕೊಡುವ ರೀತಿ ಬೇರೆ. ಹಾಗಾಗಿ ಹಳೇ ಜಿಪ್ಸಿಗೆ ಹೊಸದರ ಸಾಮಾನು ಹಾಕುವ ಆಸೆ ಹಲವರಿಗೆ. ಸಾಮಾನನ್ನು ಹೇಗೋ ಕೂರಿಸಿಬಿಡಬಹುದು. ತಲೆನೋವು ಶುರುವಾಗುವುದು ಆಮೇಲೆ.

ಯಾಕೆಂದರೆ ಇಸಿಯುಗೆ ಕಣ್ಣಿಲ್ಲ, ಕಿವಿಯಿಲ್ಲ. ವೈರು ತಂದು ಹೇಳಿದ್ದೇ ಅದಕ್ಕೆ ಸತ್ಯ. ಇಂಜಿನ್ ಎಷ್ಟು ಬಿಸಿಯಾಗಿದೆ ಎಂದು ಹೇಳುವುದು ನೀರಿನ ದಾರಿಯಲ್ಲಿ ಕೂರಿಸಿದ ಒಂದು ಥರ್ಮಿಸ್ಟರ್. ತಾಪ ಏರಿದಂತೆ ಲೋಹದ ರೋಧ ಏರುತ್ತದೆ, ಅರೆವಾಹಕದ ರೋಧ ಇಳಿಯುತ್ತದೆ ಎಂದು ಪುಸ್ತಕದಲ್ಲಿ ಇದೆಯಲ್ಲ, ಅದೇ ಇದು. ಸಾಮಾನ್ಯ ಸೆನ್ಸರೊಂದರಲ್ಲಿ 20 ಡಿಗ್ರಿಯಲ್ಲಿ ಸುಮಾರು 2500 ಓಮ್ ಇರುವುದು 80 ಡಿಗ್ರಿಗೆ ಬರುವಷ್ಟರಲ್ಲಿ 300ರ ಹತ್ತಿರ ಬರುತ್ತದೆ. ಇನ್ನು ಕಪ್ಲರಿನ ಪಿನ್ನಿಗೆ ತುಕ್ಕು ಹಿಡಿದು ಅಲ್ಲೇ 1000 ಓಮ್ ಸೇರಿಕೊಂಡಿತು ಎನ್ನಿ. ಇಂಜಿನ್ ಕುದಿಯುತ್ತಿದ್ದರೂ ಇಸಿಯು 'ಇನ್ನೂ ತಣ್ಣಗಿದೆ' ಎಂದುಕೊಂಡು ಪೆಟ್ರೋಲ್ ಸುರಿಯುತ್ತದೆ. ಸೆನ್ಸರ್ ಸರಿಯಾಗಿಯೇ ಇದೆ, ಇಸಿಯು ಸರಿಯಾಗಿಯೇ ಇದೆ. ಮಧ್ಯದ ದೂತ ಸುಳ್ಳು ಹೇಳಿದ್ದಾನೆ.

ಆಕ್ಸಲರೇಟರ್ ಎಷ್ಟು ಒತ್ತಿದ್ದೀರಿ ಎಂಬುದನ್ನು ಹೇಳುವ ಸೆನ್ಸರಿಗೆ ಮೂರು ವೈರು: 5 ವೋಲ್ಟ್ ಕೊಡುವುದು ಒಂದು, ಅರ್ತ್ ಒಂದು, ನಡುವೆ ಬದಲಾಗುವ ವೋಲ್ಟೇಜ್ ತರುವುದು ಇನ್ನೊಂದು. ಕಾಲು ತೆಗೆದಾಗ ಸುಮಾರು ಅರ್ಧ ವೋಲ್ಟ್, ಪೂರ್ತಿ ತುಳಿದಾಗ ನಾಲ್ಕೂವರೆ. ಗಾಳಿಯ ಒತ್ತಡದ ಸೆನ್ಸರೂ ಹೀಗೆಯೇ. ಊಟಿಯ ತೆಳು ಗಾಳಿ ಇಸಿಯುಗೆ ಗೊತ್ತಾಗುವುದು ಇದರಿಂದ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಉರಿದು ಉಳಿದದ್ದನ್ನು ಮೂಸಿ ನೋಡಿ 0.1ರಿಂದ 0.9 ವೋಲ್ಟಿನ ನಡುವೆ ಉತ್ತರ ಕೊಡುತ್ತದೆ.

ಇವುಗಳಲ್ಲೆಲ್ಲ ಯಜಮಾನ ಕ್ರಾಂಕ್ ಸೆನ್ಸರ್. ಕ್ರಾಂಕಿಗೆ ಒಂದು ಹಲ್ಲಿನ ಚಕ್ರ ಇರುತ್ತದೆ. ಅನೇಕ ಗಾಡಿಗಳಲ್ಲಿ 60 ಹಲ್ಲಿನ ಜಾಗದಲ್ಲಿ ಎರಡನ್ನು ಬೇಕೆಂದೇ ಬಿಟ್ಟು 58 ಇಟ್ಟಿರುತ್ತಾರೆ. ಪಕ್ಕದಲ್ಲಿ ಅಯಸ್ಕಾಂತಕ್ಕೆ ಸುತ್ತಿದ ತಂತಿ. ಹಲ್ಲು ಹಾದುಹೋದಾಗಲೆಲ್ಲ ಕಾಂತೀಯ ಫ್ಲಕ್ಸ್ ಬದಲಾಗಿ ವೋಲ್ಟೇಜ್ ಹುಟ್ಟುತ್ತದೆ. ಫ್ಯಾರಡೆ ನಿಯಮ ಎಂದು ಬರೆದು ಅಂಕ ತೆಗೆದುಕೊಂಡವರೆಲ್ಲ ಒಮ್ಮೆ ಇದನ್ನು ಕೈಯಲ್ಲಿ ಹಿಡಿದು ನೋಡಬೇಕು. ಆ ಎರಡು ಹಲ್ಲಿನ ಖಾಲಿ ಜಾಗ ಬಂದಾಗ ಇಸಿಯು ಪಿಸ್ಟನ್ ಎಲ್ಲಿದೆ ಎಂದು ತಿಳಿದುಕೊಳ್ಳುತ್ತದೆ. ಸೆಲ್ಫ್ ಹೊಡೆಯುವಾಗ ಇಂಜಿನ್ ನಿಧಾನವಾಗಿ ತಿರುಗುವುದರಿಂದ ಆ ವೋಲ್ಟೇಜ್ ತೀರಾ ಸಣ್ಣದು. ಆ ವೈರನ್ನು ಪ್ಲಗ್ ವೈರಿನ ಪಕ್ಕದಲ್ಲೇ ಕಟ್ಟಿದರೆ ಪ್ಲಗ್ಗಿನ ಸಾವಿರಾರು ವೋಲ್ಟಿನ ಸದ್ದು ಇದರೊಳಗೆ ನುಗ್ಗುತ್ತದೆ. ಅದಕ್ಕೇ ಈ ಎರಡು ವೈರನ್ನು ಜಡೆಯಂತೆ ಹೆಣೆದು, ಮೇಲೆ ಲೋಹದ ಜಾಲರಿ ಹೊದಿಸಿ, ಜಾಲರಿಯನ್ನು ಒಂದೇ ತುದಿಯಲ್ಲಿ ಅರ್ತ್ ಮಾಡುತ್ತಾರೆ. ಎರಡೂ ತುದಿಯಲ್ಲಿ ಮಾಡಿದರೆ ಜಾಲರಿಯೇ ಕರೆಂಟಿನ ದಾರಿಯಾಗುತ್ತದೆ. ಎರಡು ವೈರನ್ನು ಅದಲುಬದಲು ಹಾಕಿದರೂ ಕಷ್ಟ. ಇಸಿಯು ಹಲ್ಲಿನ ಜಾಗವನ್ನೇ ತಪ್ಪಾಗಿ ಓದುತ್ತದೆ.

ಇಂಜೆಕ್ಟರಿನ ವೈರಿಂಗ್ ಸುಲಭ. ಒಂದು ವೈರಿಗೆ ಬ್ಯಾಟರಿಯ 12 ವೋಲ್ಟ್ ಸದಾ ಬರುತ್ತದೆ; ಇನ್ನೊಂದನ್ನು ಇಸಿಯು ಅರ್ತ್ ಮಾಡಿದಾಗ ತೆರೆಯುತ್ತದೆ. 14 ಓಮಿನ ಇಂಜೆಕ್ಟರಿಗೆ ಓಡುವ ಗಾಡಿಯ 14 ವೋಲ್ಟ್ ಬಿದ್ದರೆ ಕರೆಂಟು 1 ಆಂಪಿಯರ್. ಬೇರೆ ಜಾತಿಯ, 2–3 ಓಮಿನ ಇಂಜೆಕ್ಟರ್ ಅಗ್ಗಕ್ಕೆ ಸಿಕ್ಕಿತೆಂದು ಅದೇ ಜಾಗಕ್ಕೆ ಹಾಕಿದರೆ ಎಷ್ಟಾಗುತ್ತದೆ, ನೀವೇ ಲೆಕ್ಕ ಹಾಕಿ. ಇಸಿಯು ಸುಡಲು ಅಷ್ಟು ಸಾಕು.

ಈಗ ಅರ್ತ್ ವಿಷಯಕ್ಕೆ ಬರುತ್ತೇನೆ. ಬಂದ ಗಾಡಿಯ ದೂರು ಏನೇ ಇರಲಿ, ಚಾಚಾ ಮೊದಲು ನೋಡುವುದು ಇದನ್ನೇ. ಹಳೇ ಗಾಡಿಯಲ್ಲಿ ಅರ್ತ್ ಎಂದರೆ 'ಎಲ್ಲಾದರೂ ಬಾಡಿಗೆ ಮುಟ್ಟಿಸು' ಎಂಬ ಕೆಲಸ. ಲೈಟು ಸ್ವಲ್ಪ ಮಂಕಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಂಜೆಕ್ಷನ್ ಗಾಡಿಯಲ್ಲಿ ಈ ಉದಾಸೀನ ನಡೆಯುವುದಿಲ್ಲ. ಸೆಲ್ಫ್ ಮೋಟರ್ 150 ಆಂಪಿಯರ್ ಎಳೆಯುತ್ತದೆ ಎನ್ನಿ. ಇಂಜಿನ್ನಿಗೂ ಬ್ಯಾಟರಿಗೂ ನಡುವಿನ ಅರ್ತ್ ಪಟ್ಟಿಯಲ್ಲಿ ತುಕ್ಕಿನಿಂದ ಓಮಿನ ನೂರನೇ ಒಂದು ಪಾಲು ರೋಧ ಸೇರಿದೆ. ಗುಣಿಸಿ: 1.5 ವೋಲ್ಟ್. ಅಂದರೆ ನಾವು 'ಸೊನ್ನೆ' ಎಂದುಕೊಂಡ ಜಾಗ ಸೊನ್ನೆಯಲ್ಲ, ಒಂದೂವರೆ. ಆಕ್ಸಲರೇಟರ್ ಸೆನ್ಸರಿನ ಅರ್ಧ ವೋಲ್ಟನ್ನು ಆ ಸೊನ್ನೆಯಿಂದ ಅಳೆದರೆ ಏನು ಅರ್ಥ ಉಳಿಯುತ್ತದೆ? ಗಾಡಿ ಓಡುವಾಗ ಕಾಲು ವೋಲ್ಟ್ ಏರುಪೇರಾದರೂ ಕಾಲಿಡದ ಪೆಡಲನ್ನು ಯಾರೋ ತುಳಿದಂತೆ ಇಸಿಯುಗೆ ಕಾಣುತ್ತದೆ.

ಅದಕ್ಕಾಗಿ ಸೆನ್ಸರುಗಳ ಅರ್ತ್ ವೈರು ಬಾಡಿಯನ್ನು ಮುಟ್ಟುವುದೇ ಇಲ್ಲ. ಎಲ್ಲವೂ ಒಟ್ಟಾಗಿ ನೇರ ಇಸಿಯುಗೆ ವಾಪಸ್ ಹೋಗುತ್ತವೆ. ಇಂಜೆಕ್ಟರ್, ಕಾಯಿಲ್‌ಗಳಂಥ ದೊಡ್ಡ ಕರೆಂಟಿನ ಅರ್ತ್ ಬೇರೆ. ಅದು ಇಂಜಿನ್ ಬ್ಲಾಕಿನಲ್ಲಿ ಬಣ್ಣ ಕೆರೆದ ಒಂದು ಬೋಲ್ಟಿಗೆ. ಬ್ಲಾಕಿನಿಂದ ಬ್ಯಾಟರಿಗೆ, ಚಾಸಿಗೆ ದಪ್ಪ ಪಟ್ಟಿ. ಹಳೇ ಗಾಡಿಗೆ ಇಂಜೆಕ್ಷನ್ ಹಾಕುವವರು ಮೊದಲು ಮಾಡಬೇಕಾದ ಕೆಲಸ ಈ ಪಟ್ಟಿಗಳನ್ನು ಹೊಸದು ಮಾಡುವುದು. ಎಲ್ಲಕ್ಕಿಂತ ಅಗ್ಗದ ಕೆಲಸವೂ ಇದೇ, ಜನ ಬಿಟ್ಟುಬಿಡುವುದೂ ಇದನ್ನೇ.

ಗೂಡಿನ ಕಾಲದಲ್ಲಿ ಒಮ್ಮೆ ಗ್ಯಾರೇಜಿಗೆ ಒಂದು ಸೆನ್ಸರ್ ಗಾಡಿ ಬಂತು. ಮೂರು ಮನೆಯವರ ರೇಷ್ಮೆಗೂಡು ತುಂಬಿತ್ತು, ಬೆಳಗಿನ ಹರಾಜಿಗೆ ರಾಮನಗರ ಸೇರಬೇಕಿತ್ತು. ಗೂಡು ಕಾಯುವ ಸರಕಲ್ಲ. ದಿನ ಕಳೆದಂತೆ ತೂಕ ಇಳಿಯುತ್ತದೆ, ಹೆಚ್ಚು ದಿನ ಬಿಟ್ಟರೆ ಚಿಟ್ಟೆಯೇ ಹೊರಬರುತ್ತದೆ. ಗಾಡಿ ದಾರಿಯಲ್ಲಿ ಎರಡು ಸಲ ತಾನಾಗಿ ಆಫ್ ಆಗಿತ್ತು. ಅದಕ್ಕೆ ಹಿಂದಿನ ವಾರವಷ್ಟೇ ಬೇರೆ ಕಡೆ ಎರಡು ಸೆನ್ಸರ್ ಬದಲಿಸಿದ್ದರು. ಚಾಚಾ ಸ್ಕ್ಯಾನರ್ ಹಚ್ಚಲಿಲ್ಲ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಯಲು ಹೇಳಿದರು. ಒಂದು ವೋಲ್ಟಿಗಿಂತ ಜಾಸ್ತಿ ತೋರಿಸಿತು. ಅರ್ತ್ ಪಟ್ಟಿಯ ಬೋಲ್ಟ್ ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಬಿಗಿದರು. ಗಾಡಿ ಹರಾಜಿಗೆ ಮುಟ್ಟಿತು. ಸೆನ್ಸರಿನ ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಇನ್ನು ಕರೆಂಟು ಎಲ್ಲಿಂದ ತೆಗೆಯಬೇಕು ಎಂಬ ಮಾತು. ಹಳೇ ಗಾಡಿಯ ಕೀ ಸ್ವಿಚ್ಚಿನಲ್ಲಿ ಕೆಲವು ಟರ್ಮಿನಲ್‌ಗಳಿಗೆ ಸೆಲ್ಫ್ ಹೊಡೆಯುವ ಆ ಎರಡು ಸೆಕೆಂಡು ಕರೆಂಟು ನಿಂತುಹೋಗುತ್ತದೆ. ಟೇಪ್ ರೆಕಾರ್ಡರ್ ಆಫ್ ಆಗುವುದನ್ನು ನೋಡಿರುತ್ತೀರಿ. ಇಸಿಯುಗೆ ಅಲ್ಲಿಂದ ಕರೆಂಟು ಕೊಟ್ಟರೆ ಇಂಜಿನ್ ತಿರುಗುತ್ತದೆ, ಹತ್ತುವುದಿಲ್ಲ. ದಿನಗಟ್ಟಲೆ ಹುಡುಕಿದರೂ ಕಾರಣ ಸಿಗದ ತೊಂದರೆ ಇದು. ಸರಿಯಾದ ರೀತಿ ಎಂದರೆ ಕೀ ಬರೀ ಒಂದು ರಿಲೇಯನ್ನು ಎಬ್ಬಿಸಬೇಕು; ದೊಡ್ಡ ಕರೆಂಟು ಬ್ಯಾಟರಿಯಿಂದ ನೇರ ಫ್ಯೂಸಿನ ಮೂಲಕ ಬರಬೇಕು, ಫ್ಯೂಸು ಬ್ಯಾಟರಿಯ ಹತ್ತಿರವೇ ಇರಬೇಕು. ಪೆಟ್ರೋಲ್ ಪಂಪಿಗೆ ಪ್ರತ್ಯೇಕ ರಿಲೇ. ಅದನ್ನು ಇಸಿಯುವೇ ನಡೆಸುತ್ತದೆ: ಕೀ ತಿರುಗಿಸಿದಾಗ ಒಂದೆರಡು ಸೆಕೆಂಡು, ಆಮೇಲೆ ಇಂಜಿನ್ ತಿರುಗುತ್ತಿದ್ದರೆ ಮಾತ್ರ. ಗಾಡಿ ಮಗುಚಿ ಇಂಜಿನ್ ನಿಂತರೆ ಪಂಪೂ ನಿಲ್ಲಬೇಕಲ್ಲ. ಪಂಪಿಗೆ ನೇರ ಕರೆಂಟು ಕೊಟ್ಟು 'ನಡೀತದೆ ಬಿಡಿ' ಎನ್ನುವವರ ಗಾಡಿಯಲ್ಲಿ ನಾನಂತೂ ಕೂರುವುದಿಲ್ಲ.

ವೈರಿನ ದಪ್ಪವನ್ನೂ ಲೆಕ್ಕ ಹಾಕಬಹುದು. ತಾಮ್ರದ ರೋಧಶೀಲತೆ ಸುಮಾರು 1.7×10⁻⁸ ಓಮ್ ಮೀಟರ್. ಬ್ಯಾಟರಿಯಿಂದ ಹಿಂದಿನ ಟ್ಯಾಂಕಿಗೆ 5 ಮೀಟರ್, ಪಂಪಿಗೆ 6 ಆಂಪಿಯರ್. ಅರ್ಧ ಚದರ ಮಿಲಿಮೀಟರಿನ ತೆಳು ವೈರು ಹಾಕಿದರೆ ರೋಧ 0.17 ಓಮ್, ದಾರಿಯಲ್ಲೇ 1 ವೋಲ್ಟ್ ಹೋಯಿತು. 2.5 ಚದರ ಮಿಲಿಮೀಟರ್ ಹಾಕಿದರೆ ಹೋಗುವುದು 0.2 ವೋಲ್ಟ್. ಮನೆ ವೈರಿಂಗಿಗೆ ತಂದು ಉಳಿದ ವೈರನ್ನೇ ಹಾಕುವವರಿದ್ದಾರೆ. ದಪ್ಪ ಸರಿ ಇದ್ದರೂ ಅದರ ಹೊದಿಕೆ ಇಂಜಿನ್ನಿನ ಬಿಸಿ, ಆಯಿಲ್ ತಡೆಯುವುದಕ್ಕೆ ಮಾಡಿದ್ದಲ್ಲ. ಗಾಡಿಗೆಂದೇ ಬರುವ ಕೇಬಲ್ ಬೇಕು. ಹಳೇ ಡೈನಮೋ ಈ ಹೊಸ ಹೊರೆಯನ್ನು ಹೊರುತ್ತದೆಯೇ ಎಂದೂ ನೋಡಿಕೊಳ್ಳಬೇಕು.

ಜೋಡಣೆಯಲ್ಲಿ ವೈರು ತಿರುಚಿ ಟೇಪು ಸುತ್ತುವುದು ಬೇಡ. ಸೋಲ್ಡರ್ ಮಾಡಿದರೆ ಗಟ್ಟಿ ಎಂದು ತೋರುತ್ತದೆ. ಆದರೆ ಸೀಸ ನಿಂತು ತಂತಿ ಶುರುವಾಗುವ ಜಾಗದಲ್ಲಿ ಅಲುಗಾಟಕ್ಕೆ ಎಳೆಗಳು ಮುರಿಯುತ್ತವೆ. ಸರಿಯಾದ ಅಳತೆಯ ಲಗ್ಗು, ಸರಿಯಾದ ಕ್ರಿಂಪಿಂಗ್ ಇಕ್ಕಳ, ಮೇಲೆ ಬಿಸಿಗೆ ಬಿಗಿಯುವ ಸ್ಲೀವ್ ಇದ್ದರೆ ಬಾಳಿಕೆ ಬರುತ್ತದೆ. ಕಪ್ಲರ್ ಬಾಯಿ ಕೆಳಮುಖವಾಗಿರಲಿ, ಗಾಡಿ ತೊಳೆದ ನೀರು ನಿಲ್ಲುವುದಿಲ್ಲ. ಇಲಿಯ ಮಾತು ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ಜೋಳದ ಮೂಟೆ ಇಳಿಸಿದ ಗಾಡಿಯನ್ನು ಒಂದು ವಾರ ಕೊಟ್ಟಿಗೆಯಲ್ಲಿ ನಿಲ್ಲಿಸಿದರೆ ಸಾಕು.

ಪೆಟ್ರೋಲಿನ ಪೈಪಿನ ಬಗ್ಗೆ ಎರಡು ಮಾತು. ಕಾರ್ಬ್ಯುರೇಟರಿನ ರಬ್ಬರ್ ಪೈಪು 3 ಬಾರ್ ತಡೆಯುವುದಿಲ್ಲ, ಬಿಸಿ ಇಂಜಿನ್ ಮೇಲೆ ಒಡೆದರೆ ಬೆಂಕಿಯೇ. ಎರಡನೆಯದು, ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಹತ್ತುವ ತಿರುವುಗಳಲ್ಲಿ ಟ್ಯಾಂಕಿನ ಪೆಟ್ರೋಲ್ ಒಂದು ಕಡೆಗೆ ವಾಲುತ್ತದೆ. ಕಾರ್ಬ್ಯುರೇಟರಿಗೆ ತನ್ನದೇ ಪುಟ್ಟ ಬಟ್ಟಲಿತ್ತು, ನಡೆದುಹೋಗುತ್ತಿತ್ತು. ಇಂಜೆಕ್ಷನ್ ಪಂಪು ಗಾಳಿ ಕುಡಿದರೆ ಗಾಡಿ ತಿರುವಿನಲ್ಲೇ ಮುಗ್ಗರಿಸುತ್ತದೆ. ಟ್ಯಾಂಕಿನೊಳಗೆ ಪಂಪಿನ ಸುತ್ತ ಒಂದು ಬಟ್ಟಲು ಬೇಕೇ ಬೇಕು.

ಆದರೆ ನಮ್ಮ ಕಡೆಯ ಪಿಕಪ್‌ಗಳಲ್ಲಿ ಹೆಚ್ಚಿನವು ಡೀಸೆಲ್ ತಾನೇ? ಹೌದು, ಅಲ್ಲಿ ಕಥೆ ಬೇರೆ. ಹಳೇ ಡೀಸೆಲ್ ಗಾಡಿಯಲ್ಲೂ ಇಂಜೆಕ್ಷನ್ ಇದೆ, ಅದು ಪೂರ್ತಿ ಯಾಂತ್ರಿಕ. ಕರ್ನಾಟಕಕ್ಕೆ ಇದರಲ್ಲಿ ದೊಡ್ಡ ಪಾಲಿದೆ: 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಈ ಪಂಪುಗಳನ್ನು ಮಾಡಿತು. 2008ರಲ್ಲಿ ಹೆಸರು ಬಾಷ್ ಎಂದಾಯಿತು. ಹಳೇ ಮೆಕ್ಯಾನಿಕ್ಕುಗಳ ಬಾಯಲ್ಲಿ ಇನ್ನೂ ಮೈಕೋ ಪಂಪೇ. ಒಮ್ಮೆ ಹತ್ತಿದ ಮೇಲೆ ಅದಕ್ಕೆ ಕರೆಂಟಿನ ಹಂಗು ಇಲ್ಲವೆಂದೇ ಹೇಳಬಹುದು. ಹೊಸ ಡೀಸೆಲ್ ಕಾಮನ್ ರೈಲ್. ಅಲ್ಲಿ ಒತ್ತಡ 1600 ಬಾರ್ ಮತ್ತು ಅದಕ್ಕೂ ಮೇಲೆ. ಹಳೇ ಇಂಜಿನ್ನಿನ ಹೆಡ್ಡಿಗೆ ಆ ಇಂಜೆಕ್ಟರ್ ಕೂರುವುದಿಲ್ಲ, ಗೇರಿಗೆ ಆ ಪಂಪು ಹೊಂದುವುದಿಲ್ಲ, ಇಸಿಯು ತನ್ನ ಕೀ ಅಲ್ಲದೆ ಬೇರೆ ಕೀಗೆ ಒಪ್ಪುವುದಿಲ್ಲ. ಇಂಜಿನ್ನನ್ನೇ ಬದಲಿಸದೆ ಇದು ಆಗುವ ಕೆಲಸವಲ್ಲ. ಇನ್ನೊಂದು ಮಾತು: ಕಾಮನ್ ರೈಲ್ ಇಂಜಿನ್ ಓಡುವಾಗ ಸೋರುವ ಪೈಪಿಗೆ ಬೆರಳಿಟ್ಟು ನೋಡಬೇಡಿ. ಆ ಒತ್ತಡದ ಡೀಸೆಲ್ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟು ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ ಅದು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ರಸ್ತೆಗೆ ಇಳಿಸುವ ಮೊದಲು ಕಾನೂನು ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರು ಮೂಲತಃ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ತಾಳೆಯಾಗದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಮೊಕದ್ದಮೆಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಹೀಗೆ ಬದಲಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಸೇರಿಸಲಾಯಿತು. ಅನುಮೋದನೆ ಇರುವ ಸಿಎನ್‌ಜಿ, ಎಲ್‌ಪಿಜಿ ಕಿಟ್‌ಗಳಿಗೆ ದಾರಿ ಇದೆ. ಇಂಜಿನ್ ಬದಲಿಸುವುದಕ್ಕೂ ಕ್ರಮ ಇದೆ. ಆದರೆ ಕೆಎ 10ರ ಗಾಡಿಯಾದರೆ ಚಾಮರಾಜನಗರದ ಆರ್‌ಟಿಓ ಕಚೇರಿಯಲ್ಲಿ ಕೇಳಿದ ಮೇಲೆಯೇ ಮೊದಲ ವೈರು ಕತ್ತರಿಸಬೇಕು. ಅಪಘಾತವಾದಾಗ ಇನ್ಶೂರೆನ್ಸಿನವರು ಮೊದಲು ಹುಡುಕುವುದೂ ಇಂಥದ್ದನ್ನೇ.

ಹಾಗಾದರೆ ಕಲಿತು ಏನು ಉಪಯೋಗ? ಮಾರಾಟವಾಗುವ ಹೊಸ ಪೆಟ್ರೋಲ್, ಡೀಸೆಲ್ ಗಾಡಿಗಳಲ್ಲಿ ಹೆಚ್ಚಿನವು ಇದೇ ವ್ಯವಸ್ಥೆಯವು. ನಮ್ಮ ಕಡೆ ಮೂವತ್ತು ವರ್ಷ ಪಂಪು, ಗೇರು ಬಿಚ್ಚಿದ ಕೈಗಳು ಇಸಿಯು ಡಬ್ಬಿ ಕಂಡರೆ ಹಿಂದೆ ಸರಿಯುತ್ತಿವೆ. ಗಾಡಿಯನ್ನು ಮೈಸೂರಿಗೆ ಎಳೆದುಕೊಂಡು ಹೋಗುವ ಬಾಡಿಗೆಯನ್ನು ರೈತನೇ ಕೊಡುತ್ತಾನೆ. ಪಿಯುಸಿ ಆದ ಮೇಲೆ ಐಟಿಐಗೋ ಡಿಪ್ಲೊಮಾಗೋ ಹೋಗುವ ಹುಡುಗರು ಇಲ್ಲೇ ಮಾಡಬಹುದಾದ ಕೆಲಸ ಇದು. ಅಭ್ಯಾಸಕ್ಕೆ ರಸ್ತೆಯ ಗಾಡಿ ಬೇಡ, ಮೇಜು ಸಾಕು. ಆರ್ಡುಯಿನೋ ಮೆಗಾ ಬೋರ್ಡಿನ ಮೇಲೆ ನಡೆಯುವ 'ಸ್ಪೀಡುಯಿನೋ' ಎಂಬ ಮುಕ್ತ ಇಸಿಯು ಇದೆ. ಅದರ ನಕ್ಷೆ, ಪ್ರೋಗ್ರಾಂ ಎರಡೂ ಯಾರಿಗಾದರೂ ಸಿಗುತ್ತವೆ. ಗುಜರಿಯಿಂದ ಒಂದು ಹಲ್ಲಿನ ಚಕ್ರ, ಒಂದು ಕ್ರಾಂಕ್ ಸೆನ್ಸರ್, ಎರಡು ಇಂಜೆಕ್ಟರ್ ತಂದು ಮೇಜಿನ ಮೇಲೆ ತಿರುಗಿಸಿದರೆ ಇಂಜೆಕ್ಟರ್ ಟಿಕ್ ಟಿಕ್ ಎನ್ನುವುದನ್ನು ಕೇಳಬಹುದು. ಪೆಟ್ರೋಲ್ ಮಾತ್ರ ತರಬೇಡಿ.

ಅದಕ್ಕೂ ಮೊದಲು ಈ ಭಾನುವಾರ ಮನೆಯ ಗಾಡಿಯ ಮೇಲೆ ಮಾಡಬಹುದಾದ ಪರೀಕ್ಷೆ ಇದು. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಕೆಂಪು ಕಡ್ಡಿ ಇಂಜಿನ್ ಬ್ಲಾಕಿನ ಬರಿ ಲೋಹಕ್ಕೆ. ಕಂಬದ ಮೇಲಿನ ಕ್ಲ್ಯಾಂಪಿಗಲ್ಲ, ಕಂಬಕ್ಕೇ. ಇನ್ನೊಬ್ಬರು ಸೆಲ್ಫ್ ಹೊಡೆಯುವಾಗ ಓದಿ. 0.2 ವೋಲ್ಟಿನ ಆಸುಪಾಸು ಇದ್ದರೆ ಸರಿ. 0.5 ದಾಟಿದರೆ ಕಪ್ಪು ಕಡ್ಡಿಯನ್ನು ಅಲ್ಲೇ ಬಿಟ್ಟು ಕೆಂಪನ್ನು ಕ್ಲ್ಯಾಂಪಿಗೆ, ಆಮೇಲೆ ಪಟ್ಟಿಯ ತುದಿಗೆ, ಆಮೇಲೆ ಬೋಲ್ಟಿಗೆ ಒಂದೊಂದಾಗಿ ಸರಿಸುತ್ತ ಹೋಗಿ. ಯಾವ ಜಾಗದಲ್ಲಿ ಅಂಕಿ ದಿಢೀರ್ ಏರುತ್ತದೋ ತುಕ್ಕು ಅಲ್ಲಿದೆ.